ಮೆಕ್ನೆಸ್‌ನಿಂದ ಬಂದ ಹಿಟ್ಟು

ಪಸ್ಕ ಹಬ್ಬದ ವಾರ ನಾವು ಯೆಹೂದ್ಯರು ಮನೆಯಲ್ಲಿ ಹಿಡಿ ಹಿಟ್ಟೂ ಇಟ್ಟುಕೊಳ್ಳುವುದಿಲ್ಲ. ಮೊರಾಕೊದಲ್ಲಿದ್ದಾಗ, ಹಬ್ಬ ಮುಗಿದ ಸಂಜೆ ನೆರೆಮನೆಯ ಮುಸ್ಲಿಮರು ತಂದುಕೊಟ್ಟ ಹಿಟ್ಟಿನಲ್ಲೇ ಮೊದಲ ರೊಟ್ಟಿ ಬೇಯುತ್ತಿತ್ತು. ಇಸ್ರೇಲಿಗೆ, ಈ ದಿಮೋನಾಕ್ಕೆ ಬಂದ ಮೇಲೆ ನನ್ನ ಅತ್ತೆ ಫ್ರೇಹಾ ಪ್ರತಿವರ್ಷ ಅಂಗಡಿ ಹಿಟ್ಟನ್ನು ಬೈಯುತ್ತಲೇ ನಾದುತ್ತಿದ್ದರು. ನಮ್ಮ ಸರ್ಕಾರ ಮೊರಾಕೊ ಜೊತೆ ಕೈಕುಲುಕಿ ನೇರ ವಿಮಾನ ಬಿಟ್ಟಾಗಲೂ ನನ್ನ ಗಂಡ ಪ್ರಾಸ್ಪರ್ ಮೇಲೆ ರೇಗಿದ್ದರು: "ವಿಮಾನ ಬಂದು ನಂಗೆ ಹಿಟ್ಟು ಕೊಡುತ್ತೇನೋ?"

ಮುಂದಿನ ಹಬ್ಬ ಮುಗಿದ ಸಂಜೆ ಯಾರೋ ಬಾಗಿಲು ಬಡಿದರು. ಮೊರಾಕೊದ ಮೆಕ್ನೆಸ್ ಊರಿನಲ್ಲಿ ಅತ್ತೆಯ ನೆರೆಯವಳಾಗಿದ್ದ ಹ್ನಿಯಾಳ ಮಗಳು ಬತೂಲ್ ನಿಂತಿದ್ದಳು. ಕಂಕುಳಲ್ಲಿ ಹಿಟ್ಟಿನ ಚೀಲವಿತ್ತು.

"ಬಂದು ಹೋಟೆಲಲ್ಲೇ ಉಳಿದಿದ್ದೆ ದೊಡ್ಡಮ್ಮ. ಹಬ್ಬ ಮುಗಿಯೋ ತನಕ ಹಿಟ್ಟು ನಿಮ್ಮನೆ ಹೊಸ್ತಿಲು ದಾಟಬಾರದು ಅಂತ ಅಮ್ಮ ತಾಕೀತು ಮಾಡಿದ್ರು."

ಅತ್ತೆ ಚೀಲವನ್ನು ಎದೆಗವಚಿಕೊಂಡು, ಮದುವೆಮನೆಯಲ್ಲಿ ಹಾಕುವಂತೆ ಕೇರಿಗೆಲ್ಲ ಕೇಳುವ ಕೇಕೆ ಹಾಕಿದರು.

"ನೋಡಿದ್ಯಾ ಅಮ್ಮ? ಎಲ್ಲಾ ನಮ್ಮ ಸರ್ಕಾರ ರಾಜಿಯಾಗಿದ್ದಕ್ಕೆ!" ಎಂದು ಪ್ರಾಸ್ಪರ್ ಬೀಗಿದ.

"ಜಗಳ ಆಡಿದೋರು ರಾಜಿಯಾದ್ರು. ನಾವು ಯಾವತ್ತು ಜಗಳ ಆಡಿದ್ವೋ? ಹೋಗು, ಒಲೆ ಹಚ್ಚು!"