ಕಂಬದ ಪಕ್ಕದ ದನಿ

ಮೋಡೀನ್ ಎರಡೂ ಕೈ ಚಾಚಿ ಆ ಮೂವರನ್ನು ಚರ್ಚಿನ ಬಾಗಿಲ ಕಡೆಗೆ ತಳ್ಳುತ್ತಿದ್ದಳು. ಮೂವರ ಕೈಯಲ್ಲೂ ವಾದ್ಯಗಳಿದ್ದವು.

"ತಪ್ಪು ಸಾವಿಗೆ ಬಂದಿದ್ದೀರಪ್ಪ. ಇವರು ನಮ್ಮ ಭಾವ, ಬಸ್ ಡ್ರೈವರ್. ಇವರಿಗೂ ಬ್ಯಾಂಡಿಗೂ ಎಲ್ಲಿಯ ಸಂಬಂಧ?"

ಅವರಲ್ಲಿ ಹಿರಿಯನಾದ ಹಾರ್ಲನ್, ಸ್ಯಾಕ್ಸೊಫೋನಿನವನು, ಅವಳ ಭುಜದ ಮೇಲಿಂದ ಕತ್ತು ಚಾಚಿ ಶವಪೆಟ್ಟಿಗೆಯೊಳಗಿನ ಮುಖ ನೋಡಿದ. "ಥರ್ಮನ್, ಇವರೇನಾ?"

"ಯಾರಿಗೊತ್ತು?" ಎಂದ ಡ್ರಮ್ಮಿನ ಥರ್ಮನ್. "ಬಾಯಿಬಿಟ್ಟಿದ್ರೆ ಹೇಳ್ತಿದ್ದೆ."

ಮೋಡೀನ್‌ಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಅವಳ ಅಕ್ಕ ವರ್ಡೆಲ್ ಎದ್ದು ಬಂದಳು. ಸತ್ತ ರಾಸ್ಕೊನ ಹೆಂಡತಿ ಅವಳೇ.

"ಯಾರನ್ನ ಹುಡುಕ್ತಿದ್ದೀರಿ?"

ಹಾರ್ಲನ್ ಟೋಪಿ ತೆಗೆದ. "ಅಮ್ಮ, ನಮ್ಮ ಕ್ಲಬ್ಬಲ್ಲಿ ಕಂಬದ ಪಕ್ಕ ಒಬ್ಬರು ಕೂರ್ತಿದ್ರು. ದೀಪ ಕಣ್ಣಿಗೆ ಹೊಡೆಯುತ್ತೆ, ವೇದಿಕೆಯಿಂದ ನಮಗೆ ಯಾರ ಮುಖಾನೂ ಕಾಣಲ್ಲ. ಅವರ ಕೂಗು ಮಾತ್ರ ಗೊತ್ತು. ನಾನು ಎಲ್ಲಿ ಉಸಿರು ಕಟ್ಟಿ ನಿಲ್ತೀನೋ ಸರಿಯಾಗಿ ಅಲ್ಲೇ 'ಹೇಳಪ್ಪಾ, ಇನ್ನೂ ಹೇಳು!' ಅಂತ ಕೂಗೋರು. ಪೇಪರಲ್ಲಿ ಫೋಟೊ ನೋಡಿ ಟಿಕೆಟ್ ಹರಿಯೋನು ಇವರೇ ಅಂದ. ಅವನ ಕಣ್ಣೂ ಅಷ್ಟಕ್ಕಷ್ಟೆ."

"ಕೂಗೋದಾ? ನನ್ನ ಗಂಡನಾ?"

ವರ್ಡೆಲ್‌ಗೆ ನಗುವೇ ಬಂತು. ಮೂವತ್ತೊಂದು ವರ್ಷ ರಾಸ್ಕೊ ಬಸ್ಸು ಓಡಿಸಿದ್ದು 'ಚಾಲಕನೊಡನೆ ಮಾತನಾಡಬೇಡಿ' ಎಂಬ ಫಲಕದ ಕೆಳಗೆ. ಮನೆಗೂ ಅದನ್ನು ಕುತ್ತಿಗೆಗೆ ಕಟ್ಟಿಕೊಂಡೇ ಬರುತ್ತಾನೆಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

"ಯಾವತ್ತು ಬರ್ತಿದ್ರು?"

"ಭಾನುವಾರ ಮಧ್ಯಾಹ್ನದ ಕಛೇರಿಗೆ. ಒಂದೂ ತಪ್ಪಿಸಿದೋರಲ್ಲ."

ಅವಳ ನಗು ಅಲ್ಲಿಗೇ ನಿಂತಿತು.

\*

ಪ್ರತಿ ಭಾನುವಾರ ಅವಳನ್ನು ಚರ್ಚಿನ ಹಾಡುಗಾರ್ತಿಯರ ನಡುವೆ ಬಿಟ್ಟು ರಾಸ್ಕೊ ಕಾರು ತಿರುಗಿಸುತ್ತಿದ್ದ. ಆರಕ್ಕೆ ಮರಳಿ ಬರುತ್ತಿದ್ದ.

"ಎಲ್ಲಿಗೆ ಹೋಗ್ತೀರಿ?"

"ಕೂತು ಬರ್ತೀನಿ."

ಎಲ್ಲಿ, ಯಾರ ಜೊತೆ ಎಂದು ಅವನು ಹೇಳಲಿಲ್ಲ. ಅವಳೂ ಕೆದಕಿ ಕೇಳಲಿಲ್ಲ. ಒಬ್ಬ ಹೆಂಗಸಿದ್ದಾಳೆಂದು ತಾನೇ ತೀರ್ಮಾನಿಸಿ, ಅವಳಿಗೊಂದು ಮೂಗು, ಕಣ್ಣು, ಹಸಿರು ಲಂಗವನ್ನೂ ಕೊಟ್ಟುಬಿಟ್ಟಿದ್ದಳು. ಅವನ ಕೋಟು ಮೂಸಿದರೆ ಸಿಗರೇಟಿನ ಹೊಗೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಹದಿಮೂರು ವರ್ಷದ ಹಿಂದೆ ಒಂದು ಭಾನುವಾರ ಮಾತ್ರ ಅವನು ಬಾಗಿಲಲ್ಲಿ ನಿಂತು, "ಇವತ್ತು ನೀನೂ ಬಾ" ಎಂದ.

ಅವಳು ಕೈಗವಸು ಎಳೆದುಕೊಳ್ಳುತ್ತಿದ್ದಳು. "ನಾನು ಬಂದ್ರೆ ಅಲ್ಲಿರೋರಿಗೆ ತೊಂದ್ರೆ ಆಗಲ್ವಾ?"

ಚುಚ್ಚುಮಾತು ಅವನಿಗೆ ಅರ್ಥವಾಗಲಿಲ್ಲ. ಕಾರಿನ ಬೀಗದಕೈ ತೆಗೆದುಕೊಂಡ. ಮತ್ತೆಂದೂ ಕರೆಯಲಿಲ್ಲ.

\*

ಹಾರ್ಲನ್ ಒಂದು ರೆಕಾರ್ಡ್ ತಂದಿದ್ದ. ಹದಿಮೂರು ವರ್ಷದ ಹಿಂದೆ ಅದೇ ಕ್ಲಬ್ಬಿನಲ್ಲಿ, ಜನರ ಎದುರಿಗೇ ಧ್ವನಿಮುದ್ರಿಸಿದ್ದು. ಪಾದ್ರಿಗಳು ಒಮ್ಮೆ ಶಿಲುಬೆಯನ್ನೂ ಒಮ್ಮೆ ವರ್ಡೆಲ್‌ಳನ್ನೂ ನೋಡಿ, ಮಕ್ಕಳ ಪಾಠದ ಕೋಣೆಯಿಂದ ರೆಕಾರ್ಡ್ ಪ್ಲೇಯರನ್ನು ತಾವೇ ಹೊತ್ತು ತಂದರು.

ಸ್ಯಾಕ್ಸೊಫೋನ್ ಏರಿತು, ನಿಂತಿತು. "ಹೇಳಪ್ಪಾ! ಇನ್ನೂ ಹೇಳು!" ಎಂದು ಯಾರೋ ಗಂಟಲು ಹರಿಯುವಂತೆ ಕೂಗಿದರು.

"ಭಾವನ ದನಿ ಅಲ್ವೇ ಅಲ್ಲ," ಎಂದಳು ಮೋಡೀನ್.

"ಅಲ್ಲ," ಎಂದಳು ವರ್ಡೆಲ್. ಇಷ್ಟು ಖುಷಿಯಾದ ಗಂಡಸನ್ನು ಅವಳು ಕಂಡೇ ಇರಲಿಲ್ಲ.

ಕೂಗಿನ ಹಿಂದೆಯೇ ಗಾಜಿನ ಲೋಟದ ಮೇಲೆ ಸದ್ದಾಯಿತು. ಟಕ್ ಟಕ್, ಒಂದು ಎಳೆತ, ಟಕ್.

ವರ್ಡೆಲ್ ರೆಕಾರ್ಡ್ ಪ್ಲೇಯರಿನ ಕಡೆಗೆ ಬಾಗಿದಳು. ಬೆಳಗಿನ ಕಾಫಿಗೆ ಕಾಯುವಾಗ ಅಡುಗೆಮನೆಯ ಮೇಜಿನ ಮೇಲೆ ಅವನ ಮದುವೆಯ ಉಂಗುರ ಹೀಗೇ ಕುಟ್ಟುತ್ತಿತ್ತು. 'ನಿಲ್ಸಿ ಆ ಕುಟ್ಟೋದನ್ನ, ತಲೆ ಸಿಡಿಯುತ್ತೆ' ಎಂದು ಅವಳು ದಿನವೂ ರೇಗುತ್ತಿದ್ದಳು. ಅವನು ಕೈಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ.

"ಇವರೇ," ಎಂದಳು. ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಹಾಗಾದರೆ ತನ್ನ ಜೊತೆ ಉಂಡವನು ಯಾರು? "ಪಕ್ಕದಲ್ಲಿ ಯಾರು ಕೂರ್ತಿದ್ರು?"

"ಯಾರೂ ಇಲ್ಲಮ್ಮ. ಆದ್ರೆ ಇದನ್ನ ರೆಕಾರ್ಡ್ ಮಾಡಿದ ದಿನ ಎರಡು ಟಿಕೆಟ್ ತಗೊಂಡಿದ್ರಂತೆ. ಜನ ಗೋಡೆಗೆ ಒತ್ಕೊಂಡು ನಿಂತಿದ್ರೂ ಪಕ್ಕದ ಕುರ್ಚಿ ಮುಟ್ಟೋಕೆ ಬಿಡಲಿಲ್ವಂತೆ. 'ಬರ್ತಾಳೆ, ಬರ್ತಾಳೆ' ಅಂತ ಕೊನೇವರೆಗೂ ಜಗಳ ಆಡಿದ್ರು ಅಂತ ಟಿಕೆಟಿನವನು ಇವತ್ತಿಗೂ ಹೇಳ್ತಾನೆ."

"ಅಕ್ಕ, ಯಾರೇ ಅವಳು?" ಮೋಡೀನ್ ಪಿಸುಗುಟ್ಟಿದಳು.

ವರ್ಡೆಲ್ ತನ್ನ ಕೈಗವಸುಗಳನ್ನು ನೋಡಿದಳು.

"ನುಡಿಸಿ," ಎಂದಳು ಹಾರ್ಲನ್‌ಗೆ.

ಪೆಟ್ಟಿಗೆ ಮುಚ್ಚಿದರು. ಮೂವರೂ ಅದೇ ಹಾಡು ಹಿಡಿದರು. ಸ್ಯಾಕ್ಸೊಫೋನ್ ಏರಿ, ರೂಢಿಯಂತೆ ಆ ಜಾಗಕ್ಕೆ ಬಂದು ನಿಂತಿತು. ಯಾರೂ ಕೂಗಲಿಲ್ಲ. ಹಾರ್ಲನ್ ವಾದ್ಯವನ್ನು ತುಟಿಯಲ್ಲೇ ಹಿಡಿದು ಕಾದ. ಮುಂದಿನ ಸ್ವರ ಹುಟ್ಟಲಿಲ್ಲ.

ವರ್ಡೆಲ್ ಎಡಗೈಯ ಗವಸು ಕಳಚಿದಳು. ಬೆರಳು ಮಡಚಿ ಪೆಟ್ಟಿಗೆಯ ಮುಚ್ಚಳದ ಮೇಲೆ ಉಂಗುರದಿಂದ ಕುಟ್ಟಿದಳು. ಟಕ್ ಟಕ್, ಟಕ್. ಲಯ ತಪ್ಪಿತು. ತಡವೂ ಆಗಿತ್ತು. ಮತ್ತೆ ಕುಟ್ಟಿದಳು. ಥರ್ಮನ್ ತನ್ನ ತಾಳ ಬಿಟ್ಟು, ತಲೆ ತಗ್ಗಿಸಿ, ಅವಳ ತಪ್ಪು ತಾಳವನ್ನೇ ಹಿಡಿದ.