ಪಾವಿನ ಹೊರಗೆ ಬಿದ್ದ ಹಾಲು

ಮಾರ್ಗಶಿರದ ಆ ಬೆಳಗ್ಗೆ ಹೆಸರಘಟ್ಟದ ಕೆರೆಯಿಂದ ಎದ್ದ ಮಂಜು ಸೋಲದೇವನಹಳ್ಳಿಯ ಕೊಟ್ಟಿಗೆಗಳವರೆಗೂ ಹಬ್ಬಿತ್ತು. ಗೋಪಾಲಮ್ಮ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಮುನಿಆಂಜಿನಪ್ಪ ಎಂದಿನಂತೆ ಹಸುವಿನ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು ಹಾಲು ಕರೆದ. ಒಂದು ಹನಿಯೂ ಆಚೆ ಹೋಗಲಿಲ್ಲ. ದಿನಾ ಹಾಲು ಕೊಳ್ಳುವ ವರ್ತನೆಯವರಿಗೆ ಅಳೆಯಲು ಹೊರಟನೋ, ಹಾಲು ಪಾವಿನ ಪಕ್ಕಕ್ಕೆ ಬಿತ್ತು.

ಅವನ ಅಣ್ಣ ದೊಡ್ಡಮುನಿಯಪ್ಪ ಪಾವನ್ನು ಕಿತ್ತುಕೊಂಡ. ಅಪ್ಪ ಸಾಯುವಾಗ ಕಿರಿಮಗನ ಕೈಗಿಟ್ಟ ಪಾವು ಅದು. ಅಂದಿನಿಂದ ಮನೆಯಲ್ಲಿ ಅಳೆಯುವ ಕೆಲಸ ಆಂಜಿನಪ್ಪನದೇ.

“ಕರಿಯಾಕೆ ಕೈ ನೆಟ್ಟಗೈತೆ, ಉಯ್ಯಾಕೆ ಮಾತ್ರ ಇಲ್ವಾ? ಕುಡ್ದಿದ್ದೀಯ ಕಣೋ.”

ಆಂಜಿನಪ್ಪ ತಲೆ ತಗ್ಗಿಸಿದ. ಗೋಪಾಲಮ್ಮನಿಗೆ ಗೊತ್ತಿತ್ತು, ಅವನು ಕುಡಿದವನಲ್ಲ. ಗಾಡಿ ಮಗುಚಿ ತಲೆಗೆ ಪೆಟ್ಟು ಬಿದ್ದ ಮೇಲೆಯೇ ಹೀಗೆ. ಅರಿಸಿನ ಹಚ್ಚಿದರು, ಗಾಯ ಮಾಯಿತು, ಸುಮ್ಮನಾದರು. ಆಮೇಲೆ ಲೋಟ ಹಿಡಿಯಹೋದರೆ ಕೈಗೆ ಗಾಳಿ ಸಿಗುತ್ತಿತ್ತು. ಎಡಭುಜ ಬಾಗಿಲಿಗೆ ಬಡಿಯುತ್ತಿತ್ತು. ತಟ್ಟೆಯ ಎಡಗಡೆ ಬಡಿಸಿದ್ದು ಹಾಗೇ ಉಳಿಯುತ್ತಿತ್ತು.

ಬಾಣಂತಿಯರನ್ನು ನೋಡಲು ಬಂದಿದ್ದ ನರ್ಸು ರೆಹಾನಾಳನ್ನು ಗೋಪಾಲಮ್ಮ ಕೈಹಿಡಿದು ಕರೆತಂದಳು. ರೆಹಾನಾ ಅವನಿಗೆ ಕಣ್ಣು ಮುಚ್ಚಿ ಮೂಗು ಮುಟ್ಟಲು ಹೇಳಿದಳು, ಮುಟ್ಟಿದ. ಕಣ್ಣು ಬಿಟ್ಟು, ಅವಳು ಹಿಡಿದ ಚಮಚ ಮುಟ್ಟು ಎಂದರೆ ಕೈ ಪಕ್ಕಕ್ಕೆ ಹೋಯಿತು.

“ನೋಡಿದ್ರಾ ದೊಡ್ಡಣ್ಣ? ಕಣ್ಣೂ ಚೆನ್ನಾಗಿದೆ, ಕೈಯೂ ಚೆನ್ನಾಗಿದೆ. ಕಂಡಿದ್ದು ಎಲ್ಲಿದೆ ಅಂತ ಕೈಗೆ ಹೇಳೋದು ಮಿದುಳು. ಪೆಟ್ಟಾಗಿರೋದು ಅದಕ್ಕೆ. ಕರೆಯೋದು ಮುಟ್ಟಿ ಮಾಡೋ ಕೆಲಸ, ಬರುತ್ತೆ. ಸುರಿಯೋದು ನೋಡಿ ಮಾಡೋ ಕೆಲಸ.”

“ಅಂಗಾದ್ರೆ ಮುನೇಸ್ವರನ ಮುನಿಸಲ್ವಾ, ನರ್ಸಮ್ಮ?” ಎಂದ ದೊಡ್ಡಮುನಿಯಪ್ಪ.

“ದೇವ್ರು ಹಾಲಿನ ಮೇಲೆ ಯಾಕೆ ಮುನಿಸ್ಕೊಳ್ತಾನೆ? ಇವತ್ತೇ ಗಾಡಿ ಕಟ್ಟಿ, ದೊಡ್ಡಾಸ್ಪತ್ರೆಗೆ ಹೋಗಿ. ಪೆಟ್ಟು ಬಿದ್ದ ದಿನವೇ ಹೋಗ್ಬೇಕಿತ್ತು.”

ಪೂರ್ತಿ ಮೊದಲಿನಂತಾಗುವುದೋ ಇಲ್ಲವೋ ಹೇಳಲಾಗದು, ಅಭ್ಯಾಸ ಬಿಡಬೇಡಿ ಎಂದರು ದೊಡ್ಡಾಸ್ಪತ್ರೆಯ ಡಾಕ್ಟರು. ಗೋಪಾಲಮ್ಮ ಬಾಗಿಲ ಎಡಕ್ಕೆ ಕೆಂಪು ಬಟ್ಟೆ ಕಟ್ಟಿದಳು. ಅವನು ಮೊದಲು ಅದನ್ನು ಹುಡುಕಿ ಆಮೇಲೆ ಹೆಜ್ಜೆ ಇಡಬೇಕು. ದಿನಾ ಬೆಳಗ್ಗೆ ಅವನ ಎಡಗೈಯನ್ನು ಪಾತ್ರೆಯ ಅಂಚಿನ ಮೇಲಿಟ್ಟು ನೀರು ಸುರಿಸಿದಳು. ಚೆಲ್ಲಿದರೆ ನಕ್ಕಳು, ಬೈಯಲಿಲ್ಲ.

ಅಕ್ಕ ಅಣ್ಣಂದಿರೇ, ತಲೆಗೆ ಪೆಟ್ಟು ಬಿದ್ದವರನ್ನು ಗಾಯ ಮಾಯಿತೆಂದು ಬಿಟ್ಟುಬಿಡಬೇಡಿ. ಕೈ ಗುರಿ ತಪ್ಪಿದರೆ, ಒಂದು ಪಕ್ಕವನ್ನೇ ಮರೆತರೆ, ಕುಡುಕನೆನ್ನಬೇಡಿ, ಗಾಳಿ ಸೋಕಿತೆನ್ನಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಾವಿ, ಒಲೆಗಳ ಹತ್ತಿರ ಒಬ್ಬರನ್ನೇ ಬಿಡಬೇಡಿ.

ಯುಗಾದಿಯ ಬೆಳಗ್ಗೆ ದೊಡ್ಡಮುನಿಯಪ್ಪ ಪಾವನ್ನು ಬೆಳಗಿ ತಂದ. ವರ್ತನೆಯವರು ಬರುವ ಹೊತ್ತಾಗಿತ್ತು. ತಮ್ಮನ ಎಡಗೈಗೆ ಅದನ್ನು ಮುಟ್ಟಿಸಿ, ಬೆರಳು ಅಂಚನ್ನು ಗುರುತಿಸುವವರೆಗೂ ಹಿಡಿದೇ ಇದ್ದು, ಆಮೇಲೆ ಮೆಲ್ಲಗೆ ಬಿಟ್ಟ.