ಗೆರ್ನೋಟ್, ಗಿಡ್ಡ ತಳಿ

ಗಂಡನ ಸಮಾಧಿಯ ಮೇಲೆ ಆಲೂಗೆಡ್ಡೆ ನೆಟ್ಟ ರೋಸ್ವಿತಾ ಕೆಟ್ಲರ್ ಲೆಕ್ಕ ತಪ್ಪಿದ್ದು ಒಂದೇ ಕಡೆ: ಸ್ಮಶಾನದ ಮಣ್ಣು ಇಷ್ಟು ಕೊಬ್ಬಿರುತ್ತದೆಂದು ಅವಳು ಎಣಿಸಿರಲಿಲ್ಲ.

ಗಂಡ ಗೆರ್ನೋಟ್ ತೀರಿಕೊಂಡ ಮೇಲೆ, ತೋಟಗಾರರ ಸಂಘದಿಂದ ಅವನು ಬಾಡಿಗೆಗೆ ಪಡೆದಿದ್ದ ಊರಾಚೆಯ ತೋಟದ ತುಂಡು ಸಂಘಕ್ಕೆ ವಾಪಸ್ಸಾಯಿತು. ಉಳಿದದ್ದು ಅವನ ತಾಯಿಯ ಕಾಲದ ತಳಿಯ ಏಳು ಬಿತ್ತನೆ ಗೆಡ್ಡೆ. ಬೇರೆ ಯಾರ ಬಳಿಯೂ ಇಲ್ಲ. ಈ ವರ್ಷ ನೆಡದಿದ್ದರೆ ತಳಿಯೇ ಮುಗಿಯುತ್ತಿತ್ತು. ಅವಳ ಬಾಲ್ಕನಿಗೆ ಬಿಸಿಲು ಬೀಳದು. ಬಿಸಿಲು ಬೀಳುವ, ತನ್ನದೆನ್ನಬಹುದಾದ ನೆಲ ಇದ್ದದ್ದು ಗಂಡನ ಮೇಲೆ ಮಾತ್ರ. ಡಾಕ್ಟರು ಬೇರೆ, "ಮಾತ್ರೆ ಕಡಿಮೆ ಮಾಡೋಣ, ದಿನಾ ಮಣ್ಣಲ್ಲಿ ಕೈ ಆಡಿಸಿ" ಎಂದಿದ್ದರು. ಅಂಚಿಗೆ ಬಿಗೋನಿಯಾ ಹೂಗಿಡ ನೆಟ್ಟು, ನಡುವೆ ಗೆಡ್ಡೆ ಹೂತಳು. ಅಂದಿನಿಂದ ಬೆಳಿಗ್ಗೆ ಏಳಲು ಅವಳಿಗೊಂದು ಕಾರಣ ಸಿಕ್ಕಿತ್ತು.

ಪಕ್ಕದ ಸಮಾಧಿ ಇರ್ಮ್‌ಟ್ರೌಟ್ ಬೋಮ್ ಎಂಬಾಕೆಯ ಗಂಡ ಡೆಟ್ಲೆಫ್‌ನದು. ಹೂಗಳನ್ನು ದಾರ ಹಿಡಿದು ಸಾಲಾಗಿ ನೆಡುವ, ನೀರಿನ ಕ್ಯಾನಿಗೂ ಬೀಗ ಜಡಿಯುವ ಹೆಂಗಸು. ಜೂನ್‌ನಲ್ಲಿ ಗಿಡಗಳು ಎದ್ದು ನಿಂತಾಗ ಆಕೆ ಸ್ಮಶಾನದ ಕಚೇರಿಗೆ ದೂರು ಕೊಟ್ಟಳು. ಅಳತೆಪಟ್ಟಿ ಹಿಡಿದು ಅಧಿಕಾರಿ ಲ್ಯೂಬ್ಕೆ ಬಂದರು.

"ಮೂವತ್ತೆಂಟು ಸೆಂಟಿಮೀಟರ್, ಕೆಟ್ಲರ್ ಅವರೇ. ಸಮಾಧಿ ಮೇಲಿನ ಗಿಡ ಮೂವತ್ತು ದಾಟಿದ್ರೆ ಕೀಳಿಸಬೇಕು. ಇವತ್ತೇ."

ಏಳು ಗಿಡಗಳೂ ಬಿಳಿ ಹೂ ಬಿಟ್ಟು ತಲೆದೂಗುತ್ತಿದ್ದವು. ರೋಸ್ವಿತಾ ಗಿಡಗಳನ್ನೊಮ್ಮೆ, ಅಳತೆಪಟ್ಟಿಯನ್ನೊಮ್ಮೆ ನೋಡಿದಳು.

"ಎಲ್ಲಿಂದ ಅಳೆದ್ರಿ?"

"ಮಣ್ಣಿಂದ. ಇನ್ನೆಲ್ಲಿಂದ ಅಳೀಲಿ?"

"ಎರಡೇ ನಿಮಿಷ ಇರಿ."

ಅವಳು ಮಂಡಿಯೂರಿ, ಕೈಗುದ್ದಲಿಯಿಂದ ಸಾಲಿನ ನಡುವಿನ ಮಣ್ಣನ್ನೆಲ್ಲ ಎಳೆದು ಗಿಡಗಳ ಬುಡಕ್ಕೆ ಏರಿಸಿದಳು. ಗೆರ್ನೋಟ್ ಪ್ರತಿ ಜೂನ್‌ನಲ್ಲೂ ಮಾಡುತ್ತಿದ್ದುದೇ ಅದು.

"ಈಗ ಅಳೀರಿ."

ಲ್ಯೂಬ್ಕೆ ಅಳೆದರು. ಇಪ್ಪತ್ತಾರು. ಬುಡದ ದಿಬ್ಬಗಳನ್ನು ಕೊಂಚ ಹೊತ್ತು ನೋಡಿದರು.

"ನಮ್ಮಮ್ಮನೂ ಹೀಗೇ ಮಣ್ಣೇರಿಸ್ತಿದ್ರು. ಆದ್ರೆ ಅದು ಆಲೂ..." ಅವರು ಸುತ್ತ ಕಣ್ಣಾಡಿಸಿದರು. "ತರಕಾರಿ ಆದ್ರೆ ಎತ್ತರ ಎಷ್ಟಿದ್ರೂ ಕೀಳಲೇಬೇಕು. ಹೂವಿನ ಹೆಸರೇನು ಅಂತ ಬರ್ಕೊಳ್ಲಿ?"

"ಗೆರ್ನೋಟ್."

ಲ್ಯೂಬ್ಕೆ ಪೆನ್ನು ತೆಗೆದರು. "ಗೆರ್ನೋಟ್, ಗಿಡ್ಡ ತಳಿ," ಎಂದು ಬರೆದುಕೊಂಡರು.

"ಗಿಡ್ಡ? ಆರಡಿ ಇದ್ರು ಅವರು!"

"ಕೆಟ್ಲರ್ ಅವರೇ, ದಯವಿಟ್ಟು ಬಾಯಿ ಮುಚ್ಕೊಂಡಿರಿ," ಎಂದು ಲ್ಯೂಬ್ಕೆ ಹೊರಟೇ ಹೋದರು.

ಅಲ್ಲಿಯವರೆಗೆ ಡೆಟ್ಲೆಫ್‌ನ ಸಮಾಧಿಕಲ್ಲನ್ನು ಉಜ್ಜುವಂತೆ ನಟಿಸುತ್ತಿದ್ದ ಇರ್ಮ್‌ಟ್ರೌಟ್ ಎದ್ದು ಬಂದಳು.

"ಹೂವಂತೆ! ನಾನೇನು ಕುರುಡೀನಾ? ಆಲೂಗೆಡ್ಡೆ ಅದು."

"ಮತ್ತೆ ದೂರಲ್ಲಿ ಯಾಕೆ ಹೇಳ್ಲಿಲ್ಲ?"

"ಎತ್ತರ ಆಗಿತ್ತು, ಎತ್ತರ ಅಂದೆ. ನನ್ನ ಗಂಡಂಗೆ ನೆರಳು ಬೀಳ್ತಿತ್ತು." ಆಕೆ ಬಗ್ಗಿ ಒಂದು ಎಲೆಯನ್ನು ಮೂಸಿದಳು. "ಕಿತ್ತಾಗ ನಂಗೆ ನಾಲ್ಕು ಕೊಡ್ತೀರಾ?"

"ಬೇಯಿಸೋಕಾದ್ರೆ ಒಂದೂ ಇಲ್ಲ."

"ನೆಡೋಕೆ ಕಣ್ರೀ. ಡೆಟ್ಲೆಫ್ ಮೇಲೆ."

ರೋಸ್ವಿತಾಳಿಗೆ ಎದೆ ಹಗುರಾಯಿತು. ಎರಡು ಸಮಾಧಿಗಳಲ್ಲಿ ಬೆಳೆದರೆ ತಳಿ ಉಳಿದಂತೆಯೇ. "ಅವರಿಗೂ ಆಲೂಗೆಡ್ಡೆ ಅಂದ್ರೆ ಇಷ್ಟಾನಾ?"

"ಕಂಡ್ರೆ ಆಗ್ತಿರ್ಲಿಲ್ಲ," ಎಂದಳು ಇರ್ಮ್‌ಟ್ರೌಟ್, ಕ್ಯಾನಿನ ಬೀಗ ತೆಗೆಯುತ್ತ. "ಮೂವತ್ತೊಂಬತ್ತು ವರ್ಷ ಮನೆಯೊಳಗೆ ಒಂದೇ ಒಂದು ಗೆಡ್ಡೆ ತರೋಕೂ ಬಿಡ್ಲಿಲ್ಲ. ಈಗ ಎದ್ದು ಬೇಡ ಅನ್ಲಿ, ನೋಡೋಣ. ಸ್ವಲ್ಪ ಪಕ್ಕಕ್ಕೆ ಸರೀರಿ, ನಿಮ್ಮ ಗಿಡಕ್ಕೆ ನೀರು ಹಾಕ್ತೀನಿ."